ಯಾರ ಪೈಕಿ ಎಂದು ಕೇಳದ ಊರು

ಆಗೆಲ್ಲ ನಮ್ಮ ಕಡೆ ಮದುವೆಯಾಗದ ಹುಡುಗಿ ಬಸ್ಸು ಹತ್ತಬೇಕೆಂದರೆ ಅವಳ ಜೋಡಿ ಒಂದು ಮಗು ಇರಬೇಕಿತ್ತು. ಮಗು ಎಷ್ಟು ಸಣ್ಣದಾದರೂ ನಡೆಯುತ್ತಿತ್ತು. ಅದು ಕಾವಲಿಗಲ್ಲ, ಕಂಡವರ ಬಾಯಿ ಮುಚ್ಚಿಸಲಿಕ್ಕೆ. ನಾಲ್ಕನೆಯ ತರಗತಿ ಮುಗಿದ ಬೇಸಿಗೆಯಲ್ಲಿ ನಾನು ಅಂಥದೊಂದು ಮಗುವಾಗಿದ್ದೆ. ನನ್ನನ್ನು ಜೋಡಿ ಕರೆದುಕೊಂಡು ತಿರುಗಿದವಳು ಗಿರಿಜಾ ಚಿಗವ್ವ, ಅವ್ವನ ತಂಗಿ.

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ಅದು ನಾಲ್ಕನೆಯ ತರಗತಿಯ ಬೇಸಿಗೆಯೋ ಐದನೆಯದೋ ಎಂಬಲ್ಲಿಂದಲೇ ನನಗೂ ಅವ್ವನಿಗೂ ತಕರಾರಿದೆ. ಚಿಗವ್ವನ ಚೀಲ ನನ್ನ ನೆನಪಿನಲ್ಲಿ ನೀಲಿ. ಮನೆಯಲ್ಲಿ ನೀಲಿ ಚೀಲವೇ ಇರಲಿಲ್ಲ ಎನ್ನುತ್ತಾಳೆ ಅವ್ವ. ನಾನು ದಿನಚರಿ ಬರೆಯುವವಳು. ನಿನ್ನೆ ನಡೆದದ್ದನ್ನು ಇವತ್ತು ಬರೆಯುವಾಗಲೇ ಅದು ಕೈಯಲ್ಲಿ ಬೇರೆ ಆಕಾರ ತಾಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅಷ್ಟು ವರ್ಷಗಳ ಹಿಂದಿನ ಚೀಲದ ಬಣ್ಣಕ್ಕೆ ಯಾರು ಸಾಕ್ಷಿ?

ತಮ್ಮ ಹುಟ್ಟಿದ್ದ. ಬಾಣಂತನ ಮುಗಿಸಿ ಅವ್ವ ಕುಪ್ಪೇಲೂರಿನ ತವರಿನಿಂದ ರಾಣೆಬೆನ್ನೂರಿಗೆ ಮರಳಿದಾಗ, ಕೂಸಿನ ಜೋಪಾನಕ್ಕೆಂದು ಚಿಗವ್ವನೂ ಬಂದಳು. ಹಾವೇರಿಯಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎ. ಮುಗಿಸಿದ್ದಳು. ನಮ್ಮದು ಬೀಜದ ಅಂಗಡಿ, ಅದರ ಹಿಂದೆಯೇ ಮನೆ. ಬೀಜಗಳಿಗೆ ಹಚ್ಚುವ ಗುಲಾಬಿ ಬಣ್ಣದ ಔಷಧದ ವಾಸನೆ ಅಡುಗೆಮನೆಯವರೆಗೂ ಬರುತ್ತಿತ್ತು. ಚಿಗವ್ವ ಆ ವಾಸನೆಯಲ್ಲಿ ಒಂದೆಡೆ ಕೂರುತ್ತಿರಲಿಲ್ಲ. ಕೂಸನ್ನು ಹೆಗಲಿಗೆ ಹಾಕಿಕೊಂಡು ಹಿತ್ತಲ ಬಾಗಿಲಿಗೂ ಅಂಗಡಿಯ ಬಾಗಿಲಿಗೂ ಅಡ್ಡಾಡುತ್ತಿದ್ದಳು. ಯಾವ ಕೆಲಸಕ್ಕಾದರೂ ಸರಿ, ಹೊರಗೆ ಹೋಗುವುದಾದರೆ ತಾನೇ ಮುಂದೆ. ಹಾವೇರಿಯಲ್ಲಿ ಟೈಪಿಂಗ್ ಕ್ಲಾಸು ಹಚ್ಚಿಕೊಂಡಳು. ರಾಣೆಬೆನ್ನೂರಿನಲ್ಲೇ ಕಲಿಸುವವರಿದ್ದರಲ್ಲ ಎಂದು ಅಪ್ಪ ಕೇಳಿದರೆ, "ಅಲ್ಲಿ ಮಷಿನ್ ಚಲೋ ಅದಾವ್ರಿ ಮಾಮಾ" ಎಂದಳು.

"ಶೈಲೂನ ಜೋಡಿ ಕರಕೊಂಡ ಹೋಗು" ಎಂದಳು ಅವ್ವ.

ಆಟ ಶುರುವಾದದ್ದು ಬಸ್ಸಿನಲ್ಲಿ. ಕಿಟಕಿಯ ಕಡೆ ನನ್ನನ್ನು ಕೂರಿಸಿ ಚಿಗವ್ವ ಕಿವಿಯಲ್ಲಿ ಹೇಳಿದಳು: "ಶೈಲೂ, ಇವತ್ತ ನಾವು ಪರದೇಶಕ್ಕ ಹೊಂಟೇವಿ."

"ಯಾವ ದೇಶ?"

"ಯಾವುದರ ಆಗಲಿ. ಅಲ್ಲಿ ಯಾರಿಗೂ ನಾವು ಗೊತ್ತಿಲ್ಲ. ಯಾರ ಮಗಳು ಅಂತ ಕೇಳಿದ್ರ ಬಾಯಿ ಬಿಡಬಾರದು. ಬಿಟ್ಟಿ ಅಂದ್ರ ಆಟ ಮುಗೀತು."

ನಮ್ಮ ಸೀಮೆಯಲ್ಲಿ ಇದು ಎಷ್ಟು ಕಷ್ಟದ ಆಟವೆಂದು ಬೇರೆಯವರಿಗೆ ಹೇಳಬೇಕಾಗುತ್ತದೆ. ನಮ್ಮಲ್ಲಿ ಹೆಸರು ಕೇಳುವುದು ಆಮೇಲೆ. ಬಸ್ಸಿನಲ್ಲಿ ಪಕ್ಕ ಕೂತವರು, ಬಳೆ ತೊಡಿಸುವವಳು, ನೀರು ಕೊಟ್ಟವರು ಎಲ್ಲರೂ ಮೊದಲು ಕೇಳುವುದು "ಯಾರ ಪೈಕಿ ಆತವಾ?" ಎಂದು. ಉತ್ತರ ಹೇಳಿದರೆ ಹುಡುಕಿ ಹುಡುಕಿ ಒಂದು ಸಂಬಂಧ ತೆಗೆಯುತ್ತಾರೆ. ಆಮೇಲೆ ಕೂರಲು ಜಾಗ ಸಿಗುತ್ತದೆ, ಊಟವೂ ಸಿಗುತ್ತದೆ. ಆದರೆ ಅಲ್ಲಿಂದ ಮುಂದೆ ನೀವು ನೀವಲ್ಲ, ಇಂಥವರ ಮಗಳು.

ಹಾವೇರಿ ಹೀಗೆ ನನ್ನ ಮೊದಲ ಪರದೇಶವಾಯಿತು. ಚಿಗವ್ವ ಬಸ್‌ಸ್ಟ್ಯಾಂಡಿನ ಎದುರಿಗೇ ನಿಂತು, ಹಣ್ಣಿನ ಗಾಡಿಯವನಿಗೆ, "ಬಸ್‌ಸ್ಟ್ಯಾಂಡ್ ಎಲ್ಲಿ ಬರ್ತೈತ್ರಿ?" ಎಂದು ಕೇಳಿದಳು. ಅವನು ಅವಳನ್ನೂ ನನ್ನನ್ನೂ ನೋಡಿ, "ಹಿಂದ ತಿರುಗಿ ನೋಡು ತಂಗಿ. ಬಿಸಲಿಗೆ ತಲಿ ತಿರುಗೇತೇನ? ಒಂದು ಲಿಂಬು ಸೋಡಾ ಕುಡಿ" ಎಂದ. ಓಡಿಬಂದು ಮೂಲೆಯಲ್ಲಿ ನಿಂತು ನಕ್ಕೆವು. ಏಲಕ್ಕಿ ಹಾರದ ಅಂಗಡಿಯ ಮುಂದೆ ಅವಳು ಮೂಗನ್ನು ಹಾರಕ್ಕೆ ತಾಕಿಸುವಷ್ಟು ಹತ್ತಿರ ಒಯ್ದು ಕಣ್ಣು ಮುಚ್ಚಿದಳು. ದಿನವೂ ಕಾಲೇಜಿಗೆ ಹೋಗಿಬಂದ ದಾರಿಯಲ್ಲೇ ಇದ್ದ ಅಂಗಡಿ ಅದು. ಮಂಡಕ್ಕಿಯ ಗಿರಮಿಟ್ ಕಟ್ಟಿಸಿಕೊಂಡಾಗ ಜೊತೆಗೆ ಕೊಟ್ಟ ಮೆಣಸಿನಕಾಯಿ ಬಜಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಈ ಊರಾಗ ಇದಕ್ಕೇನಂತಾರ?" ಎಂದು ನನ್ನನ್ನೇ ಕೇಳಿದಳು. ನನಗೂ ಹುಚ್ಚು ಹತ್ತಿತು. ಗೊತ್ತಿದ್ದದ್ದೆಲ್ಲ ಗೊತ್ತಿಲ್ಲವೆಂದುಕೊಂಡರೆ ಎಷ್ಟು ಚಂದ ಕಾಣುತ್ತದೆ ಎಂಬುದನ್ನು ಆಮೇಲೆ ಯಾವ ಪುಸ್ತಕವೂ ನನಗೆ ಅಷ್ಟು ಚೆನ್ನಾಗಿ ಹೇಳಲಿಲ್ಲ.

ಟೈಪಿಂಗ್ ಕ್ಲಾಸಿಗೆ ಅವಳ ಗೆಳತಿ ಮೆಹರುನ್ನೀಸಾಳೂ ಬರುತ್ತಿದ್ದಳು. ಅವಳ ಅಣ್ಣ ಮಸ್ಕತ್‌ನಲ್ಲಿದ್ದ. ಅಲ್ಲಿ ನಮ್ಮ ದೇಶದ ಮಕ್ಕಳ ಶಾಲೆಗೆ ಟೀಚರುಗಳು ಬೇಕಾಗಿದ್ದಾರೆ, ಮುಂಬಯಿಯಲ್ಲಿ ಸಂದರ್ಶನವಿದೆ ಎಂಬ ಮಾತು ಅವರಿಬ್ಬರ ನಡುವೆ ಆಗಾಗ ಬರುತ್ತಿತ್ತು. ನಾನು ಅದನ್ನೂ ಆಟದ ಭಾಗವೆಂದೇ ತಿಳಿದಿದ್ದೆ.

ಬ್ಯಾಡಗಿಗೆ ಹೋದದ್ದು ವರ್ಷದ ಖಾರಕ್ಕೆ ಮೆಣಸಿನಕಾಯಿ ತರಲು. ಮಾರುಕಟ್ಟೆಯಲ್ಲಿ ಎಲ್ಲಿ ನೋಡಿದರೂ ಕೆಂಪು ರಾಶಿ. ಗಾಳಿಯಲ್ಲೇ ಘಾಟು. ಆದರೆ ಆ ಊರಿನವರು ಸೀನುವುದಿಲ್ಲ. ಅದು ಅವರ ಗುರುತು. ಹೊರಗಿನವರು ಒಳಗೆ ಕಾಲಿಟ್ಟರೆ ಸಾಕು, ಸೀನಿ ಸೀನಿ ಕಣ್ಣಲ್ಲಿ ನೀರು ತರಿಸಿಕೊಳ್ಳುತ್ತಾರೆ. ಬೇಸಿಗೆಯ ಖಾರ ಕುಟ್ಟಿಸುವಿಕೆಗೆ ಪಳಗಿದ ಮೂಗು ನಮ್ಮದು, ನಮಗೂ ಸೀನು ಬರಲಿಲ್ಲ.

"ಸೀನು" ಎಂದಳು ಚಿಗವ್ವ.

"ಬರವಲ್ತು."

"ಪರದೇಶದಾವ್ರು ನಾವು. ಸೀನಲಿಲ್ಲ ಅಂದ್ರ ಗುರ್ತ ಹಿಡೀತಾರ."

ನಾನು ಸುಳ್ಳು ಸೀನು ಸೀನಿದೆ. ಅವಳೂ ಮೂಗಿಗೆ ಸೆರಗು ಹಿಡಿದು ಸೀನಿದಳು. ರಾಶಿಯ ಪಕ್ಕ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದ ಮುದುಕಿಯೊಬ್ಬಳು ತಲೆ ಎತ್ತಿದಳು.

"ಯಾರ ಪೈಕಿ ಆತವಾ?"

"ನಾವು ಭಾಳ ದೂರದಾವ್ರಬೇ" ಎಂದಳು ಚಿಗವ್ವ.

"ದೂರ ಅಂದ್ರ? ಮೋಟೆಬೆನ್ನೂರೇನು?"

"ಅದಕ್ಕಿಂತ ದೂರ."

"ಹುಬ್ಬಳ್ಳಿ?"

"ಸಮುದ್ರದಾಚೆ."

ಮುದುಕಿ ಕೈಯಲ್ಲಿನ ಕಾಯಿ ಕೆಳಗಿಟ್ಟು ನಕ್ಕಳು. ಸುತ್ತಲಿನ ಹೆಂಗಸರೂ ನಕ್ಕರು. "ಸಮುದ್ರದಾಚಿಂದ ಬಂದಾಕಿಗೆ ಕುಪ್ಪೇಲೂರ ಬಸಮ್ಮನ ಮೂಗು ಹೆಂಗ ಬಂತಬೇ? ನೀ ಬಸಮ್ಮನ ಸಣ್ಣ ಮಗಳಲ್ಲೇನು? ನಿಮ್ಮವ್ವ, ನಾನು ಒಂದ ಓಣ್ಯಾಗ ಆಡೇವಿ. ಸಾಕ ಮಾಡ ಸೀನೂದು, ಇಲ್ಲಿ ಬಂದು ಕುಂದರು. ಯಾರರ ಚಹಾ ತರ್ರಿ ಈ ಹುಡುಗ್ಯಾರಿಗೆ."

ಚಹಾ ಬಂತು. ತೊಡೆಯ ಮೇಲೆ ಕೂರಿಸಿಕೊಂಡು ಮುದುಕಿ ನನ್ನ ತಲೆ ಸವರಿದಳು. ಚೀಲಕ್ಕೆ ಒಳ್ಳೆಯ ಕಾಯಿಯನ್ನೇ ಆರಿಸಿ ತುಂಬಿಸಿದಳು. ಇಷ್ಟು ಪ್ರೀತಿ ಸಿಕ್ಕಾಗ ಚಿಗವ್ವನ ಮುಖ ಯಾಕೆ ಹಾಗೆ ಬಾಡಿತೆಂದು ನನಗೆ ತಿಳಿಯಲಿಲ್ಲ. ಬಸ್ಸಿನಲ್ಲಿ ಅವಳು ಮೂಗನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ನಾವು ಮನೆ ಮುಟ್ಟುವ ಮೊದಲೇ ಮಾತು ಕುಪ್ಪೇಲೂರು ಮುಟ್ಟಿತು. ಗಿರಿಜಾ ಪರವೂರಲ್ಲಿ ಹೀಗೆ ಆಡುತ್ತಾಳಂತೆ, ತನ್ನವರೇ ಗೊತ್ತಿಲ್ಲ ಎನ್ನುತ್ತಾಳಂತೆ. ಅಜ್ಜಿ ಬಂದು ನಮ್ಮ ಪಡಸಾಲೆಯಲ್ಲಿ ಕೂತಳು.

"ನಾಚಿಕಿ ಬರೂವಂಥಾ ತಾಯಿ ಅದೇನೇನ ನಾನು?"

"ಆಟ ಆಡಿದ್ನಿಬೇ."

"ನಿನ್ನ ವಯಸ್ಸಿಗೆ ನಾನು ಕೂಸು ಆಡಸ್ತಿದ್ದೆ."

ಆ ವಾರದಲ್ಲೇ ಬ್ಯಾಡಗಿಯ ದಲಾಲಿ ಅಂಗಡಿಯವರ ಮನೆಯಿಂದ ನೋಡಲು ಬಂದರು. ಗಂಡು ಒಳ್ಳೆಯವನು. ಇದನ್ನು ನ್ಯಾಯವಾಗಿ ಹೇಳಬೇಕು, ಅವನು ಆಮೇಲೂ ಒಳ್ಳೆಯವನಾಗಿಯೇ ಉಳಿದ. ಅವಲಕ್ಕಿ ತಿಂದು, "ನಮ್ಮ ಮನ್ಯಾಗ ಪುಸ್ತಕ ಓದಬ್ಯಾಡ ಅನ್ನಾವ್ರು ಯಾರೂ ಇಲ್ರಿ" ಎಂದ. ಎಲ್ಲರಿಗೂ ಒಪ್ಪಿಗೆಯಾಯಿತು.

ನಾನು ಮರೆಯಲಾರದ ಹಾವೇರಿಯ ದಿನ ಬಂದದ್ದು ಇದಾದ ಮೇಲೆ. ಟೈಪಿಂಗ್ ಪರೀಕ್ಷೆ ಎಂದು ಹೇಳಿ ಚಿಗವ್ವ ಹೊರಟಳು. ಆ ನೀಲಿಯೋ ಬೇರೆಯೋ ಬಣ್ಣದ ಚೀಲ ಅವಳ ಹೆಗಲಿನಲ್ಲಿತ್ತು. ಪರೀಕ್ಷೆಗೆ ಅಷ್ಟು ದೊಡ್ಡ ಚೀಲ ಯಾಕೆಂದು ಅವ್ವ ಕೇಳಲಿಲ್ಲ, ತಮ್ಮನಿಗೆ ಜ್ವರವಿತ್ತು. ನನ್ನನ್ನು ಬಿಟ್ಟೇ ಹೋಗಬಹುದಿತ್ತು. ಜ್ವರದ ಗದ್ದಲದಲ್ಲಿ ನನ್ನ ಹೆಸರನ್ನು ಯಾರೂ ಎತ್ತಿರಲಿಲ್ಲ. ಅಂಗಳ ದಾಟಿದ ಚಿಗವ್ವ ಮತ್ತೆ ತಿರುಗಿ ಬಂದು, "ಶೈಲೂ, ಚಪ್ಪಲಿ ಹಾಕ್ಕೋ" ಎಂದಳು. ಇದು ಮಾತ್ರ ನನಗೆ ಖಚಿತವಾಗಿ ನೆನಪಿದೆ. ಖಚಿತವೆಂದು ಬರೆದು ಮತ್ತೆ ಅನುಮಾನಿಸುತ್ತೇನೆ. ಆದರೂ ಚಪ್ಪಲಿಯ ಉಂಗುಟ ಸಡಿಲವಾಗಿತ್ತು, ದಾರಿಯುದ್ದಕ್ಕೂ ಕಾಲು ಎಳೆಯುತ್ತಾ ನಡೆದೆ.

ಬಸ್‌ಸ್ಟ್ಯಾಂಡಿನಲ್ಲಿ ಮೆಹರುನ್ನೀಸಾ, ಮಸ್ಕತ್‌ನಿಂದ ರಜೆಗೆ ಬಂದಿದ್ದ ಅವಳ ಅಣ್ಣ, ಬೀಳ್ಕೊಡಲು ಬಂದ ಅವಳ ಅಮ್ಮಿ ಕಾಯುತ್ತಿದ್ದರು. ಮುಂಬಯಿ ಬಸ್ಸು ಬಂದು ನಿಂತಿತು. ಅಣ್ಣ ಟ್ರಂಕು ಏರಿಸಿ ತಾನೂ ಹತ್ತಿದ. ಮೆಹರು ಹತ್ತಿ ಕಿಟಕಿಯಲ್ಲಿ ತಲೆ ಹಾಕಿದಳು.

"ಗಿರಿಜಾ, ಬಾರ ಲಗೂ. ಸೀಟ್ ಹಿಡಿದೇನಿ."

ಚಿಗವ್ವ ಅಲುಗಲಿಲ್ಲ.

ಅಮ್ಮಿ ನನ್ನ ಹೆಗಲ ಮೇಲೆ ಕೈ ಇಟ್ಟರು. "ಹತ್ತ ಬೇಟಿ. ಈ ಹುಡುಗೀನ್ನ ನಾ ಮನಿ ಮುಟ್ಟಸ್ತೇನಿ. ನಿಮ್ಮಕ್ಕನ ಕಡೆ ಬೈಸ್ಕೊಳ್ಳೂದು ನನಗ ಬಿಡು."

"ಹತ್ತತೇನ್ರಿ" ಎಂದಳು ಚಿಗವ್ವ. ಕಂಡಕ್ಟರ್ ಸೀಟಿ ಊದಿದ. "ಹತ್ತತೇನಿ" ಎಂದು ಮತ್ತೆ ಹೇಳಿದಳು, ಯಾರಿಗೋ.

ನಮ್ಮಿಬ್ಬರ ಕೈಗಳು ಒಂದನ್ನೊಂದು ಹಿಡಿದುಕೊಂಡಿದ್ದವು. ಯಾರು ಯಾರ ಕೈಯನ್ನು ಹಿಡಿದಿದ್ದರು? ಎಷ್ಟೋ ಸಲ ಇದನ್ನು ಬರೆದು ಹೊಡೆದುಹಾಕಿದ್ದೇನೆ. ಒಮ್ಮೆ ನನ್ನ ಬೆರಳುಗಳು ಅವಳ ಬೆರಳುಗಳನ್ನು ಸುತ್ತಿಕೊಂಡಂತೆ ಕಾಣುತ್ತದೆ. ಇನ್ನೊಮ್ಮೆ ಅವಳ ಅಂಗೈ ನನ್ನ ಮುಂಗೈಯನ್ನು ನೋಯುವಷ್ಟು ಒತ್ತಿದಂತೆ. ಬಸ್ಸು ಹೊರಟಿತು. ಮೆಹರು ಕೈ ಬೀಸಲಿಲ್ಲ. ಬಾಯಿ ಕಳೆದು ನೋಡುತ್ತಲೇ ಹೋದಳು.

ಅಮ್ಮಿ ಚಿಗವ್ವನ ಬೆನ್ನು ಸವರಿ ಮನೆಗೆ ನಡೆದರು. ನಾವು ಕಟ್ಟೆಯ ಮೇಲೆ ಕೂತೆವು. ಪಕ್ಕದಲ್ಲಿ ಹತ್ತಿಬೀಜದ ಗಂಟು ಇಟ್ಟುಕೊಂಡಿದ್ದ ಹಿರಿಯರೊಬ್ಬರು ತಂಬಾಕು ತಿಕ್ಕುತ್ತ ಕೇಳಿದರು:

"ಯಾರ ಪೈಕಿ ಆತವಾ ತಂಗಿ?"

ನಾನು ಬಾಯಿ ಬಿಗಿಹಿಡಿದೆ, ಆಟ ಕೆಡಬಾರದೆಂದು. ಚಿಗವ್ವ ಹೇಳಿದಳು: "ಕುಪ್ಪೇಲೂರ ಬಸಮ್ಮನ ಸಣ್ಣ ಮಗಳ್ರಿ. ಈಕಿ ನಮ್ಮಕ್ಕನ ಮಗಳು. ರಾಣೆಬೆನ್ನೂರಾಗ ಬೀಜದ ಅಂಗಡಿ ಐತಲ್ರಿ, ಅವರು."

"ಗೊತ್ತಾತ ತಗೋ" ಎಂದರು ಅವರು, ಸಮಾಧಾನದಿಂದ.

ಮರಳುವ ಬಸ್ಸಿನಲ್ಲಿ "ಇದು ಯಾವ ದೇಶ ಚಿಗವ್ವಾ?" ಎಂದು ಕೇಳಿದೆ. "ಸುಮ್ನ ಕುಂದರು, ಬಿಸಲೈತಿ" ಎಂದಳು.

ಈಗ ನನಗೆ ಊರು ಸುತ್ತುವ ಚಟ. ಕೆಲಸದ ನೆವದಲ್ಲೂ ನೆವವಿಲ್ಲದೆಯೂ ಹೋಗುತ್ತೇನೆ. ಲಿಸ್ಬನ್‌ನ ಏರು ಬೀದಿಗಳಲ್ಲಿ ದಿನಗಟ್ಟಲೆ ನಡೆದೆ, ಒಬ್ಬರೂ ನನ್ನನ್ನು ಏನೂ ಕೇಳಲಿಲ್ಲ. ಹೋಟೆಲಿನವನು ಪಾಸ್‌ಪೋರ್ಟ್ ತಿರುವಿ ಕೀಲಿ ಕೊಟ್ಟ, ಅಷ್ಟೆ. ಮೊದಲ ದಿನ ಹಗುರಾದೆ. ನಾಲ್ಕು ದಿನ ಕಳೆದ ಮೇಲೆ ಕೋಣೆಯಲ್ಲಿ ಕೂರಲಾಗದೆ ಕೆಳಗಿಳಿದು, ಎದುರಿಗೇ ಕಾಣುತ್ತಿದ್ದ ಟ್ರಾಮ್ ನಿಲ್ದಾಣ ಎಲ್ಲಿದೆ ಎಂದು ಒಬ್ಬಳನ್ನು ಕೇಳಿದೆ. ಅವಳು ಬೆರಳು ತೋರಿಸಿ ಹೋದಳು. ಲಿಂಬು ಸೋಡಾ ಕುಡಿ ಎನ್ನಲಿಲ್ಲ.

ಟರ್ಕಿಯ ಸಣ್ಣ ಊರೊಂದರಲ್ಲಿ ಮಾಳಿಗೆಯ ಮೇಲೆ ಕೆಂಪು ಮೆಣಸಿನಕಾಯಿ ಒಣಗಿಸುತ್ತಿದ್ದ ಹೆಂಗಸೊಬ್ಬಳು ನನ್ನನ್ನು ಕರೆದು ಏನೋ ಕೇಳಿದಳು. ಜೊತೆಗಿದ್ದ ಡ್ರೈವರ್ ನಗುತ್ತಾ ಅರ್ಥ ಹೇಳಿದ: "ನೀನು ಯಾರ ಕಡೆಯವಳು ಅಂತ ಕೇಳ್ತಿದ್ದಾಳೆ. ಇಲ್ಲಿ ಎಲ್ಲರನ್ನೂ ಹಾಗೇ ಕೇಳ್ತಾರೆ." ಸಮುದ್ರದಾಚೆ ಬಂದು ನಿಂತಿದ್ದೆ. ಹೇಳಲು ಬಾಯಿ ತೆರೆದೆ, ಬಸಮ್ಮನ ಮೊಮ್ಮಗಳು ಎಂದು. ಆ ಹೆಸರು ಅಲ್ಲಿ ಯಾರಿಗೂ ಏನೂ ಅಲ್ಲವೆಂದು ಹೊಳೆದು ಕೈ ಮುಗಿದು ನಕ್ಕೆ. ನಮ್ಮ ಊರುಗಳಲ್ಲೂ ಈಗ ಆ ಪ್ರಶ್ನೆ ಕಡಿಮೆಯಾಗಿದೆ. ಹೋದ ಸಲ ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಹೋಗುವಾಗ ಬಸ್ಸಿನಲ್ಲಿ ಪಕ್ಕ ಕೂತ ಹುಡುಗಿ ಮೊಬೈಲಿನಿಂದ ತಲೆ ಎತ್ತಲಿಲ್ಲ. ಒಬ್ಬಳೇ ಹೊರಟಿದ್ದಳು, ಜೋಡಿಗೆ ಮಗುವಿಲ್ಲದೆ. ನೋಡಿ ಖುಷಿಯಾಯಿತು. ಯಾರೂ ನನ್ನನ್ನೇನೂ ಕೇಳದೆ ಬ್ಯಾಡಗಿ ಬಂದಾಗ ಆ ಖುಷಿಯಲ್ಲಿ ಏನೋ ಕಳೆದಂತೆಯೂ ಆಯಿತು.

ಆ ದಲಾಲಿ ಅಂಗಡಿಯವರ ಮನೆಯಲ್ಲಿ, ಈಗ ಅವಳ ಗಂಡನ ಮನೆ, ಚಿಗವ್ವ ಪಡಸಾಲೆಯಲ್ಲಿ ಮನೆಗೆಂದು ಇಟ್ಟುಕೊಂಡ ಕಾಯಿಯ ತೊಟ್ಟು ಮುರಿಯುತ್ತಿದ್ದಳು. ನಾನೂ ಕೂತೆ. ಟರ್ಕಿಯ ಹೆಂಗಸಿನ ಕಥೆ ಹೇಳಿದೆ. ಅವಳ ಕೈ ನಿಂತಿತು.

"ಅಲ್ಲಿ ನಿನಗ ಸೀನು ಬಂತೇನ?"

"ಇಲ್ಲ."

"ಹಂಗಾರ ಸಿಕ್ಕ ಬಿದ್ದಿ ತಗೋ" ಎಂದು ಜೋರಾಗಿ ನಕ್ಕಳು. ಎಷ್ಟೋ ವರ್ಷಗಳ ಮೇಲೆ ಆ ನಗು ಕೇಳಿದೆ. ಆ ನಗುವಿನ ಧೈರ್ಯದಲ್ಲೇ ಕೇಳಿಬಿಟ್ಟೆ:

"ಚಿಗವ್ವಾ, ಅವತ್ತ ಹಾವೇರಿಗೆ ಹೊಂಟಾಗ, ಅಂಗಳದಿಂದ ತಿರುಗಿ ಬಂದು ನನ್ನ ಕರಕೊಂಡಿ. ಅದು ಹೋಗಾಕಂತನೋ, ಹೋಗೂದು ಆಗಬಾರದಂತನೋ?"

ಅವಳು ನನ್ನ ಕಾಲ ಕಡೆ ನೋಡಿದಳು, ಚಪ್ಪಲಿ ಇದೆಯೋ ಇಲ್ಲವೋ ಎಂಬಂತೆ. ಆಮೇಲೆ ಇನ್ನೊಂದು ಕಾಯಿ ಕೈಗೆತ್ತಿಕೊಂಡಳು. ನಾನು ಮರಳುವ ಬಸ್ಸಿನ ಹೊತ್ತಾಗುವವರೆಗೂ ತೊಟ್ಟು ಮುರಿಯುತ್ತಲೇ ಇದ್ದೆವು.