ಆಯುಧಪೂಜೆಗೆ ಹಣ್ಣಾದ ಹುಳುಗಳು

ನಮ್ಮಕ್ಕ ರಾಧಾಮಣಿ ವಿಜ್ಞಾನಿ ಎಂದರೆ ಹೊಂಗನೂರಿನಲ್ಲಿ ಈಗಲೂ ಕೆಲವರು ರಾಕೆಟ್ಟಿನ ಸುದ್ದಿ ಕೇಳುತ್ತಾರೆ. ಅವಳು ಜೀವಮಾನವೆಲ್ಲ ನೋಡಿದ್ದು ರೇಷ್ಮೆಹುಳುವಿನ ಮಿದುಳನ್ನು. ಹುಳು ಸಾಕಿ ನಮ್ಮನ್ನು ಓದಿಸಿದ ಮನೆಯಿಂದ ಹೋಗಿ, ಅಷ್ಟೆಲ್ಲ ಓದಿ, ಮತ್ತೆ ಹುಳುವಿನ ಮುಂದೆಯೇ ಕೂತಳಲ್ಲ ಎಂದು ನಾನು ಎಷ್ಟೋ ಸಲ ರೇಗಿಸಿದ್ದೇನೆ. ಚನ್ನಪಟ್ಟಣದಲ್ಲಿ ಮೇಷ್ಟ್ರಾಗಿದ್ದವನು ನಾನು, ಸುಮ್ಮನಿರುವುದು ಕಷ್ಟ.

ಅವಳನ್ನು ಕಾಡಿದ್ದು ಒಂದೇ ಪ್ರಶ್ನೆ. ಹುಳು ಬಲಿತ ಮೇಲೆ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆಯೆತ್ತಿ ಆಡಿಸುತ್ತಾ, ಗೂಡು ಕಟ್ಟಲು ಜಾಗ ಹುಡುಕುತ್ತದೆ. ಅದನ್ನೇ ನಮ್ಮ ಕಡೆ ಹುಳು ಹಣ್ಣಾಯಿತು ಎನ್ನುವುದು. ಹಣ್ಣಾದ ಹುಳುವಿಗೆ ಜಾಗವೇ ಸಿಗದಿದ್ದರೆ ಅದರ ಮಿದುಳು ಎಷ್ಟು ಹೊತ್ತು ಕಾಯುತ್ತದೆ? ಕೂದಲಿಗಿಂತ ಸಣ್ಣ ತಂತಿಯನ್ನು ನರಕ್ಕೆ ತಾಗಿಸಿ ಅಕ್ಕ ಅದನ್ನೇ ಹುಡುಕುತ್ತಿದ್ದಳು. ಮದುವೆ, ಮನೆ, ತನ್ನ ಸೊಂಟನೋವು ಎಲ್ಲವನ್ನೂ ಆಮೇಲೆ, ಆಮೇಲೆ ಎನ್ನುತ್ತಾ ತಲೆ ನರೆಸಿಕೊಂಡಳು.

ಅವಳ ರೇಷ್ಮೆ ಸಂಶೋಧನಾ ಕೇಂದ್ರ ಹಾರೋಹಳ್ಳಿ ಹತ್ತಿರ. ಎರಡು ಸಾವಿರದ ಐದರ ಹೊತ್ತಿಗೆ ಸುತ್ತಲಿನ ರಾಗಿ ಹೊಲಗಳೆಲ್ಲ ಕಾರ್ಖಾನೆಗಳಾಗತೊಡಗಿದವು. ಪಕ್ಕದಲ್ಲೇ ಬಂಡೆ ಒಡೆಯುವ ಯಂತ್ರ ನಿಂತಿತು. ನೆಲ ಅದುರಿದರೆ ಅಕ್ಕನ ತಂತಿ ಜಾರುತ್ತಿತ್ತು. ಮೇಜಿನ ಕಾಲಿಗೆ ಸೈಕಲ್ ಟ್ಯೂಬು ಕೊಟ್ಟಳು, ಮರಳಿನ ಮೂಟೆ ಕೊಟ್ಟಳು, ಏನು ಮಾಡಿದರೂ ಆಗಲಿಲ್ಲ. ಒಂದು ಸಲಕ್ಕೆ ಸಾಕಿದ ಹುಳುವಿಗೆ ನಮ್ಮಲ್ಲಿ ಒಂದು ಬೆಳೆ ಎನ್ನುತ್ತಾರೆ; ಹಾಗೆ ಬೆಳೆಯ ಮೇಲೆ ಬೆಳೆ ಕೆಟ್ಟಿತು. ಈ ವರ್ಷವೂ ಫಲಿತಾಂಶ ಬರದಿದ್ದರೆ ಈ ಕೆಲಸ ನಿಲ್ಲಿಸಿ ನಿಮ್ಮನ್ನು ತರಬೇತಿ ವಿಭಾಗಕ್ಕೆ ಹಾಕುತ್ತೇವೆ ಎಂದು ಮೇಲಿನವರು ಹೇಳಿಬಿಟ್ಟರು.

ಆಗ ಅವಳಿಗೆ ಹೊಳೆದದ್ದು ಆಯುಧಪೂಜೆ. ಆ ದಿನ ಯಾವ ಯಂತ್ರವೂ ಓಡುವುದಿಲ್ಲ, ತೊಳೆಸಿಕೊಂಡು, ವಿಭೂತಿ ಬಳಿಸಿಕೊಂಡು, ಬಾಳೆಕಂದು ಕಟ್ಟಿಸಿಕೊಂಡು ನಿಲ್ಲುತ್ತದೆ. ಮಾರನೆಯ ದಿನವೂ ರಜೆ. ಹುಳು ಸರಿಯಾಗಿ ಅಂದೇ ಹಣ್ಣಾಗುವಂತೆ ಲೆಕ್ಕ ಹಾಕಿ ಮೊಟ್ಟೆ ಮರಿಮಾಡಿಸಿದಳು. ಸಹಾಯಕರೆಲ್ಲ ಹಬ್ಬಕ್ಕೆ ಊರಿಗೆ ಹೋದರು. ಒಬ್ಬಳೇ ನಿದ್ದೆಗೆಟ್ಟು ಸೊಪ್ಪು ಹಾಕಿದಳು.

ಹಬ್ಬದ ಬೆಳಿಗ್ಗೆ ಹುಳು ಹಣ್ಣಾದವು. ಗೂಡಿಗೆ ಆಸರೆಯೇ ಸಿಗದ ನುಣುಪಾದ ಗಾಜಿನ ತಟ್ಟೆಗಳಲ್ಲಿ ಅವನ್ನು ಅಲೆಯಲು ಬಿಟ್ಟಳು. ಮಧ್ಯಾಹ್ನದವರೆಗೆ ಕಾಯಿಸಿ, ಆಮೇಲೆ ತಂತಿ ತಾಗಿಸಬೇಕು. ಹೊರಗೆ ಕಾಗೆಯ ದನಿ ಬಿಟ್ಟರೆ ಬೇರೆ ಸದ್ದಿಲ್ಲ. ಒಂದು ಗಳಿಗೆ ಎಂದುಕೊಂಡು ಪಕ್ಕದ ಕೋಣೆಯ ಬೆಂಚಿನ ಮೇಲೆ ಮೈಚಾಚಿದಳು.

ಮಗಳು ಹಬ್ಬದ ದಿನ ಉಪವಾಸ ಬೀಳುತ್ತಾಳೆಂದು ನಮ್ಮವ್ವ ಶಿವಲಿಂಗಮ್ಮ ಒಬ್ಬಟ್ಟು ಕಟ್ಟಿಕೊಂಡು ನನ್ನ ಬೈಕು ಹತ್ತಿದ್ದಳು. ಅವ್ವನನ್ನು ಗೇಟಿನಲ್ಲಿ ಇಳಿಸಿ ನಾನು ಮರಳವಾಡಿಯ ಸ್ನೇಹಿತನ ಮನೆಗೆ ಹೋದೆ.

ಸಂಜೆಯ ಮುಂದೆ ಮರಳಿ ಬಂದರೆ ಅಕ್ಕ ಬಾಗಿಲಲ್ಲಿ ಕಂಬದಂತೆ ನಿಂತಿದ್ದಳು. ಒಳಗೆ ಗಾಜಿನ ತಟ್ಟೆಗಳು ಖಾಲಿ. ಮೂಲೆಯಲ್ಲಿದ್ದ ಚಂದ್ರಿಕೆಗಳನ್ನು, ನಮ್ಮ ಮನೆಗಳಲ್ಲಿ ಹುಳು ಗೂಡು ಕಟ್ಟುವ ಆ ಬಿದಿರಿನ ತಟ್ಟಿಗಳನ್ನು, ಅವ್ವ ಗೋಡೆಗೆ ಒರಗಿಸಿದ್ದಳು. ಅಷ್ಟೂ ಹುಳುಗಳು ಅಲ್ಲಿ ನೆಮ್ಮದಿಯಾಗಿ ನೂಲು ಸುತ್ತಿಕೊಳ್ಳುತ್ತಿದ್ದವು.

“ನೋಡ್ಲಾ ದೇವ್ರಾಜ, ಹುಳ ಅಣ್ಣಾಗಿ ಜಾಗ ಇಲ್ದೆ ಒದ್ದಾಡ್ತಾ ಅವೆ, ಇವ್ಳು ಸುಸ್ತಾಗಿ ಮನಿಕೊಬುಟ್ಟವ್ಳೆ!” ಎಂದಳು ಅವ್ವ. ಬಗ್ಗಿ ಬಗ್ಗಿ ಆರಿಸಿದ ಸೊಂಟವನ್ನು ಒತ್ತಿಕೊಳ್ಳುತ್ತಿದ್ದಳು. “ಎಬ್ಬುಸ್ದೆ ನಾನೇ ಒಂದೊಂದಾಗಿ ಎತ್ತಿ ಬುಟ್ಟೆ. ನಾನ್ ಬರ್ದೆ ಇದ್ದಿದ್ರೆ ಮಗೀನ ಬೆಳೆನೇ ಓಗ್ಬುಡದು.”

ಅಕ್ಕ ಹುಳುಗಳನ್ನು ಬೇಕೆಂದೇ ಕಾಯಿಸಿದ್ದಳೆಂದು ನನಗೆ ಗೊತ್ತಿತ್ತು, ಹೇಳಲು ಬಾಯಿ ತೆರೆದೆ. ಅಕ್ಕ ಕಣ್ಣಿನಲ್ಲೇ ತಡೆದಳು.

“ಊಂ ಕಣವ್ವ, ಒಳ್ಳೇದ್ ಮಾಡ್ದೆ. ಬಾ, ಒಸಿ ಒಬ್ಬಟ್ಟು ಕೊಡು” ಎಂದಳು. ಒಬ್ಬಟ್ಟು ತಿಂದಳು ಕೂಡ.

ರಜೆ ಮುಗಿದ ಬೆಳಿಗ್ಗೆ ಯಂತ್ರ ಮತ್ತೆ ಗುಡುಗಿತು. ವರ್ಷಾಂತ್ಯಕ್ಕೆ ಅಕ್ಕನನ್ನು ತರಬೇತಿಗೆ ಹಾಕಿದರು. ಹುಳುಮನೆಗೆ ಬ್ಲೀಚಿಂಗ್ ಪುಡಿ ಹೇಗೆ ಸಿಂಪಡಿಸಬೇಕೆಂದು ಉಯ್ಯಂಬಳ್ಳಿಯಿಂದ ಮಾಗಡಿಯವರೆಗೆ ಹೇಳುತ್ತಾ ನಿವೃತ್ತಿಯಾದಳು. ಅವ್ವ ಮಾತ್ರ ಮದುವೆ, ತಿಥಿ ಎನ್ನದೆ, ಮಗಳ ಬೆಳೆ ಉಳಿಸಿದ ಕತೆಯನ್ನು ಹೇಳುತ್ತಲೇ ಇದ್ದಳು. ಅಕ್ಕ ಪಕ್ಕದಲ್ಲಿ ಕೂತು ಪ್ರತಿಸಲವೂ ತಲೆಯಾಡಿಸುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು.

ಹೋದ ವರ್ಷ ಅವ್ವ ತೀರಿಕೊಂಡಳು. ತಿಥಿ ಮುಗಿದ ಮೇಲೆ ಜಗಲಿಯಲ್ಲಿ ಕೂತಾಗ ತಡೆಯಲಾರದೆ ಕೇಳಿದೆ: “ಹಣ್ಣಾದ ಹುಳ ಎಷ್ಟೊತ್ತು ಕಾಯುತ್ತೆ ಅಂತ ಕೊನೆಗೂ ಗೊತ್ತಾಗ್ನಿಲ್ವಲ್ಲಕ್ಕ?”

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

“ಇಲ್ಲ ಕಣ್ಲಾ. ಕಾಯಕ್ಕೆ ಅವ್ವ ಬುಡ್ನಿಲ್ವಲ್ಲ” ಎಂದಳು.