ನಲ್ಲಿ ಮೂಳೆಗಾಗಿ ಹಾಕಿಸಿಕೊಂಡ ಹಲ್ಲು

ಅನಂತರಾಜು ಬಾಡೂಟಕ್ಕೆ ಕೂತ ಅಂದರೆ ಮುಗೀತು, ಬಡಿಸುವವರಿಗೆ ಸೊಂಟ ನೋವು ಗ್ಯಾರಂಟಿ. ವಿರೂಪಾಕ್ಷಿಪುರದ ಸುತ್ತಮುತ್ತ ಯಾವ ಬೀಗರೂಟವಾದರೂ "ರಾಜಣ್ಣ ಬಂದ್ನಾ?" ಅಂತ ಕೇಳಿಕೊಂಡೇ ಎಲೆ ಹಾಕೋರು. ಒಂದಿಷ್ಟು ಹಿಪ್ಪುನೇರಳೆ ತೋಟ, ಹಟ್ಟಿಯಲ್ಲಿ ಹಸು, ಬಾಯ್ತುಂಬ ಮಾತು, ಇಷ್ಟೇ ಆಸಾಮಿ. ಅಂಥವನಿಗೆ ಎಡ ದವಡೆಯ ಎರಡು ಹಲ್ಲು ಹುಳುಕಾಗಿ, ಕೀಳಿಸಿ ವರ್ಷ ಕಳೆದಿತ್ತು. ಬಲಗಡೆಯಲ್ಲೇ ಅಗಿದುಕೊಂಡು ಹೆಂಗೋ ಮಾನ ಉಳಿಸಿಕೊಂಡಿದ್ದ.

ಮಗಳು ನವ್ಯಶ್ರೀಯ ಮದುವೆಯಾದ ಮೇಲೆ ಶುರುವಾಯಿತು ನೋಡಿ ಚಿಂತೆ. ಸಾತನೂರು ಕಡೆಯ ಬೀಗರು ರಾಮಲಿಂಗಯ್ಯನವರು ಒಳ್ಳೆಯವರೇ, ಆದರೆ ಮೂಗಿನ ತುದಿಯಲ್ಲೇ ಸಿಟ್ಟು. ತಮ್ಮ ಮನೆಯ ಎಲೆಯಲ್ಲಿ ಬಾಡು ಬಿಟ್ಟೆದ್ದ ಅಂತ ಸ್ವಂತ ಭಾವಮೈದುನನ ಜೊತೆ ಮಾತು ಬಿಟ್ಟಿದ್ದ ಮನುಷ್ಯ! ಭಾನುವಾರ ಅವರ ಮನೆಯಲ್ಲೇ ಬೀಗರೂಟ. ತಾನು ಎಲೆಯಲ್ಲಿ ಬಿಟ್ಟರೆ ಕೊಂಕು ಮಾತು ಕೇಳಬೇಕಾದವಳು ಮಗಳು. ಛೇ, ಅದೊಂದು ಆಗಬಾರದು ಅಂತ ಗುರುವಾರ ಯಾರಿಗೂ ಹೇಳದೆ ಚನ್ನಪಟ್ಟಣದ ಹಲ್ಲಿನ ಡಾಕ್ಟರ್ ನಿಖಾತ್ ಹತ್ತಿರ ಹೋಗಿ ಇಂಪ್ಲಾಂಟ್ ಮಾಡಿಸಿಕೊಂಡ. ಬೆಳಿಗ್ಗೆ ಕುಡುಗೋಲಿಗೆ ಹಿಡಿ ಹಾಕಿಸಿ ಸಂಜೆ ಹುಲ್ಲು ಕೊಯ್ಯುವವನಿಗೆ ಹಲ್ಲೂ ಹಂಗೇ ಅನ್ನಿಸಿತ್ತು.

"ಇವತ್ತು ದವಡೆಗೆ ಸ್ಕ್ರೂ ಮಾತ್ರ ರಾಜಣ್ಣ," ಅಂದರು ಡಾಕ್ಟರು. "ಅದನ್ನ ಮೂಳೆ ಗಟ್ಟಿಯಾಗಿ ಹಿಡ್ಕೋಬೇಕು. ಹಲ್ಲು ಕೂರಿಸೋದು ಇನ್ನು ಮೂರ್ನಾಲ್ಕು ತಿಂಗಳಿಗೆ. ಮೊದಲೇ ಹೇಳಿದ್ನಲ್ಲ, ಹೂಂ ಹೂಂ ಅಂದ್ರಿ."

ಬಾಯಲ್ಲಿ ಬಟ್ಟೆ ಕಚ್ಚಿಕೊಂಡಿದ್ದ ಅನಂತರಾಜು ಈಗಲೂ "ಹೂಂ" ಅಂದ. ಇನ್ನೇನು ಅಂದಾನು?

"ಇವತ್ತು ಕೆನ್ನೆಗೆ ಐಸ್ ಇಡಿ. ನಾಳೆ ನಾಡಿದ್ದು ಊತ ಏರುತ್ತೆ, ಆಮೇಲೆ ಇಳಿಯುತ್ತೆ. ಎಂಜಲಲ್ಲಿ ಸ್ವಲ್ಪ ರಕ್ತ ಕಾಣಬಹುದು, ಗಾಬರಿ ಬೇಡ. ಆದ್ರೆ ರಕ್ತ ನಿಲ್ಲದಿದ್ರೆ, ಜ್ವರ ಬಂದ್ರೆ, ಊತ ಇಳೀದೆ ಹೋದ್ರೆ ಫೋನ್ ಮಾಡಿ. ಜೋರಾಗಿ ಉಗೀಬೇಡಿ, ಎಳನೀರನ್ನ ಸ್ಟ್ರಾ ಹಾಕಿ ಹೀರಬೇಡಿ. ಬಿಸಿ ಬೇಡ, ಗಟ್ಟಿ ಬೇಡ, ಹೊಗೆಸೊಪ್ಪು ಮುಟ್ಟಲೇಬೇಡಿ. ನಾಳೆಯಿಂದ ಉಪ್ಪುನೀರನ್ನ ಬಾಯಲ್ಲಿ ಮೆಲ್ಲಗೆ ಆಡಿಸಿ."

ಮನೆಯಲ್ಲಿ ಹೆಂಡತಿ ಸರಸಮ್ಮ ಹಣೆ ಚಚ್ಚಿಕೊಂಡಳು. "ಅಲ್ಲಾ, ಮೂಳೆ ಕಡಿಯಕೆ ಅಂತ ಹಲ್ ಹಾಕುಸ್ಕಳಕ್ಕೋಗಿ, ಉಣ್ಣೋ ಅನ್ನನೂ ಕಳ್ಕಂಡ್ ಬಂದ್ರಲ್ಲ! ನಿಮ್ಗೇನ್ ಹೇಳ್ಬೇಕು?"

ತಣ್ಣಗಿನ ಅಂಬಲಿ, ಮೆತ್ತಗೆ ಕಿವುಚಿದ ಮೊಸರನ್ನ. ಹೊಗೆಸೊಪ್ಪಿಲ್ಲದೆ ಕೈ ಸುಮ್ಮನೆ ಸೊಂಟದ ಕಡೆ ಹೋಗಿ ವಾಪಸ್ ಬರೋದು. ಮಾತ್ರೆ ನುಂಗಿದರೆ ನೋವು ತಡೆಯುವಷ್ಟೇ ಇತ್ತು, ಆದರೆ ಶನಿವಾರದ ಹೊತ್ತಿಗೆ ಕೆನ್ನೆ ಒಳಗೆ ಬನ್ನು ಇಟ್ಟುಕೊಂಡಂಗೆ ಊದಿತು. ಭಾನುವಾರ ಒಸಿ ಇಳಿದಿತ್ತು, ಮರೆಮಾಚುವಷ್ಟಲ್ಲ.

"ಏನ್ ಬೀಗ್ರೇ, ಕೆನ್ನೆ ಯಾಕಂಗೈತೆ?" ರಾಮಲಿಂಗಯ್ಯ ಬಾಗಿಲಲ್ಲೇ ಕೇಳಿದರು.

"ಜೇನ್ ಕಚ್ಬುಡ್ತು ಬೀಗ್ರೇ," ಅಂದ.

ಪಂಕ್ತಿಯಲ್ಲಿ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿದರು. ಮುದ್ದೆ ಬಂತು. ಮುದ್ದೆಗೆ ಹಲ್ಲು ಯಾಕೆ, ನುಂಗಿದರಾಯಿತು. ಅದೂ ಇದೂ ಮಾತಾಡುತ್ತಾ ಆರಿಸಿ, ಬಲಗಡೆಯಿಂದ ಜಾರಿಸಿದ. ಬದುಕಿಕೊಂಡೆ ಅನ್ನುವಷ್ಟರಲ್ಲಿ ರಾಮಲಿಂಗಯ್ಯ ಸ್ವತಃ ಬಟ್ಟಲಿಗೆ ಕೈ ಹಾಕಿ ಮಜ್ಜೆ ತುಂಬಿದ ದೊಡ್ಡ ನಲ್ಲಿ ಮೂಳೆ ಎತ್ತಿ ಅವನ ಎಲೆಗೆ ಇಟ್ಟರು.

"ಜೇನ್ ಕಚ್ಚಿದ್ರೆ ಬಾಡ್ ತಿನ್ನಕೇನು? ಊಂ, ನಡೀಲಿ!"

ನಡೀಲಿ ಅಂತೆ! ಅಡುಗೆಮನೆ ಬಾಗಿಲಲ್ಲಿ ಮಗಳು ನಿಂತು ನೋಡುತ್ತಿದ್ದಾಳೆ. ಅನಂತರಾಜು ಮೂಳೆಯನ್ನು ಎಲೆಯ ಅಂಚಿಗೆ ತಳ್ಳಿ, ಅನ್ನ ಮುಚ್ಚಿ, ಬೀಗರು ನೋಡಿದರೇನೋ ಅಂತ ಓರೆಗಣ್ಣು ಹಾಯಿಸಿದ. ಅವರ ಎಲೆ ಕಣ್ಣಿಗೆ ಬಿತ್ತು. ಮುದ್ದೆ ಖಾಲಿ. ಈರುಳ್ಳಿ ಚೂರುಗಳ ಕೆಳಗೆ ಅವರ ಮೂಳೆಯೂ ಬೆಚ್ಚಗೆ ಮಲಗಿತ್ತು.

"ನೋಡ್ಬುಟ್ರಾ?" ರಾಮಲಿಂಗಯ್ಯ ತುಟಿ ಅಲ್ಲಾಡಿಸದೆ ಪಿಸುಗುಟ್ಟಿದರು. "ದವಡೆ ಹಲ್ಲೆಲ್ಲಾ ಅಲ್ಲಾಡ್ತವೆ ಕಣ್ರೀ. ಯಾರ್ಗೂ ಹೇಳ್ಬ್ಯಾಡಿ."

"ಅಯ್ಯೋ, ನಂದೂ ಹಲ್ಲೇ, ಜೇನಲ್ಲ ಬೀಗ್ರೇ!"

ಅಷ್ಟರಲ್ಲಿ ನವ್ಯಶ್ರೀ ಸೆರಗು ಸಿಕ್ಕಿಸಿಕೊಂಡು, ಕೈಲೊಂದು ತಟ್ಟೆ ಹಿಡಿದು ಬಂದು ಇಬ್ಬರ ಎದುರೂ ಕೂತೇಬಿಟ್ಟಳು. "ಅಪ್ಪಾ, ಜೇನಂತೆ ಜೇನು! ಅಮ್ಮ ಎಲ್ಲಾ ಹೇಳವ್ಳೆ." ಆಮೇಲೆ ಮಾವನ ಕಡೆ ತಿರುಗಿದಳು. "ನೀವೇನ್ ಕಮ್ಮಿ ಇಲ್ಲ ಮಾವ. ಬಂದಾಗಿಂದ ನಿಮ್ ತಟ್ಟೆ ತೊಳೀತಿರೋಳು ನಾನು. ನಂಗ್ ಗೊತ್ತಾಗಕಿಲ್ವಾ? ಈ ವಾರ್ದಲ್ಲೇ ಡಾಕ್ಟ್ರತ್ರ ನಡೀರಿ."

ಮುಗೀತು ಕಥೆ, ಜನ ತುಂಬಿದ ಮನೆಯಲ್ಲಿ ಮಾವನ ಮರ್ಯಾದೆ ಕಳೆದಳಲ್ಲ ಅಂದುಕೊಂಡ ಅನಂತರಾಜು. ಅವಳು ಮಾತ್ರ ಎರಡೂ ಮೂಳೆ ಎತ್ತಿಕೊಂಡು, ತಟ್ಟೆಗೆ ತಟ್ಟಿ ಒಳಗಿನ ಮಜ್ಜೆ ಉದುರಿಸಿ, ಬೆಂದ ಬಾಡನ್ನು ಎಳೆಎಳೆಯಾಗಿ ಬಿಡಿಸಿ, ಊದಿ ಆರಿಸಿ, ಇಬ್ಬರ ಎಲೆಗೂ ಸಮನಾಗಿ ಹಾಕಿದಳು.

"ಉಣ್ಣಿ. ಅಪ್ಪಾ, ಬಲಗಡೆ."

ರಾಮಲಿಂಗಯ್ಯ ಸೊಸೆಯ ಮುಖ ನೋಡಿದರು. "ಹೂಂ ಕಣವ್ವ," ಅಂದು ತಲೆ ತಗ್ಗಿಸಿ ಉಂಡರು. ಎಲೆಯಲ್ಲಿ ಒಂದು ಎಳೆಯನ್ನೂ ಬಿಡಲಿಲ್ಲ.

ಮದುವೆ ದಿನ ಅನಂತರಾಜು ಇದೇ ಬೀಗರ ಕೈ ಹಿಡಿದು, ಮಗಳನ್ನು ಚೆನ್ನಾಗಿ ನೋಡಿಕೊಳ್ಳಿ ಅಂತ ಗಳಗಳ ಅತ್ತಿದ್ದ. ಇವತ್ತು ಹೊರಡುವಾಗಲೂ ಅದೇ ಮಾತು ನಾಲಿಗೆ ತುದಿಗೆ ಬಂತು. ಊದಿದ ಕೆನ್ನೆಯಲ್ಲೇ ನಕ್ಕು, ಮಗಳ ತಲೆ ಸವರಿ ಅಂದ:

"ನಿಮ್ಮಾವನ್ನ ಚೆನ್ನಾಗ್ ನೋಡ್ಕಳವ್ವ."