ಒಂದು ಬಟ್ಟಲು ಭಜ್ಜಿ

ನಮ್ಮ ಅತ್ತೆಯ ಎದೆ ಟಿಕ್ ಟಿಕ್ ಅನ್ನುತ್ತಿತ್ತು. ಕಲಬುರಗಿಯ ದವಾಖಾನೆಯಲ್ಲಿ ಹೃದಯದ ಕೆಟ್ಟ ಕವಾಟ ತೆಗೆದು ಲೋಹದ್ದು ಕೂಡಿಸಿದ್ದರು. ಕಮಲಾಪುರದ ನಮ್ಮ ಮನೆಯಲ್ಲಿ ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತರೆ ಪಕ್ಕದಲ್ಲಿ ಕುಳಿತವರಿಗೂ ಆ ಸದ್ದು ಕೇಳುತ್ತಿತ್ತು. ಓಣಿಯ ಹೆಂಗಸರು ಬಂದರೆ ಅತ್ತೆ, "ಕೇಳ್ರೆವ್ವಾ, ನನ್ನ ಗಡಿಯಾರಕ್ಕ ಸೆಲ್ ಬೇಕಾಗಿಲ್ಲ" ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಲೋಹದ ಮೇಲೆ ರಕ್ತ ಹೆಪ್ಪುಗಟ್ಟಬಹುದು, ಕವಾಟ ಸಿಕ್ಕಿಕೊಳ್ಳಬಹುದು, ಹೆಪ್ಪಿನ ಚೂರು ಮೆದುಳಿಗೆ ಹೋಗಬಹುದು ಎಂದು ಡಾಕ್ಟರು ಹೇಳಿದ್ದರು. ಹಾಗಾಗದಂತೆ ಬದುಕಿರುವವರೆಗೂ ವಾರ್ಫರಿನ್ ಗುಳಿಗೆ. ರಕ್ತ ತೆಳು ಮಾಡುವ ಗುಳಿಗೆ ಎಂದು ಎಲ್ಲರೂ ಅನ್ನುತ್ತಾರೆ. "ತೆಳು ಏನೂ ಆಗೂದಿಲ್ಲವ್ವ, ಹೆಪ್ಪುಗಟ್ಟೂದು ತಡಾ ಆಗ್ತದ ಅಷ್ಟ" ಎಂದಿದ್ದರು ಡಾಕ್ಟರು. ಗುಳಿಗೆ ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಅದಕ್ಕೇ ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ರಕ್ತ ಎಷ್ಟು ತಡವಾಗಿ ಹೆಪ್ಪುಗಟ್ಟುತ್ತದೆಂದು ತೋರಿಸುವ ನಂಬರು ಅದರಲ್ಲಿ ಬರುತ್ತದೆ; ಅತ್ತೆಯದು ಎರಡೂವರೆಯಿಂದ ಮೂರೂವರೆಯೊಳಗೆ ಇರಬೇಕಿತ್ತು.

ಈ ಗುಳಿಗೆಗೆ ತಪ್ಪಲ ಪಲ್ಯ, ಅಂದರೆ ಸೊಪ್ಪು, ಆಗಿಬರುವುದಿಲ್ಲ ಎಂದು ಯಾರೋ ಹೇಳಿದರು. ಅತ್ತೆ ಮೆಂತೆ, ಪಾಲಕ, ಪುಂಡಿಪಲ್ಯ ಎಲ್ಲ ಬಿಟ್ಟರು. ನಮಗದು ಒಳ್ಳೆಯ ಪಥ್ಯವೆಂದೇ ಅನ್ನಿಸಿತ್ತು. ಆದರೆ ಒಂದು ವರ್ಷದ ಎಳ್ಳ ಅಮಾವಾಸ್ಯೆಗೆ ಅತ್ತೆ ಪಥ್ಯ ಮುರಿದರು. ಹೊಲದಲ್ಲಿ ಸಿಕ್ಕ ತಪ್ಪಲೆಲ್ಲ ಹಾಕಿ, ಹಸಿ ಕಾಳು ಸುರಿದು, ಹುಣಸೆಹುಳಿ ಹಿಂಡಿ ಕುದಿಸಿದ ಭಜ್ಜಿ. ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ನಮ್ಮ ಮನೆಯಲ್ಲಿ ಆ ಭಜ್ಜಿಯ ಹದ ಅತ್ತೆಗೇ ಗೊತ್ತು.

"ಅತ್ತಿ, ಸಾಕ್ರಿ" ಎಂದೆ.

"ವರ್ಷಾನಗಟ್ಟಲೆ ಉಪಾಸ ಕೆಡವೀದಿ. ಡಾಕ್ಟರಗಿಂತ ದೊಡ್ಡಾಕಿ ಆಗೀದೇನು? ಹಾಕು ಇನ್ನೊಂದೀಟು."

ನಮ್ಮ ಭಜ್ಜಿ ಮುಗಿಯುವುದರೊಳಗೆ ಬೀಗರ ಮನೆಯದು ಬಂತು, ಆಮೇಲೆ ಪಕ್ಕದ ಮನೆಯದು. ಹಳಸದ ಹಾಗೆ ಕುದಿಸುತ್ತ, ಕುದಿಸಿದಷ್ಟೂ ರುಚಿ ಏರುತ್ತ, ಸುಮಾರು ಒಂದು ವಾರ ನಡೆಯಿತು.

ಆಗಲೇ ಒಂದು ಮಧ್ಯಾಹ್ನ ನನಗೆ ಸದ್ದು ಮಂದವಾದಂತೆ ಕೇಳಿತು. ಕವಾಟಕ್ಕೆ ಹೆಪ್ಪು ಹತ್ತಿದರೆ ಸದ್ದು ಮಂಕಾಗುತ್ತದೆ ಎಂದು ನರ್ಸಬಾಯಿ ಒಮ್ಮೆ ಹೇಳಿದ್ದರು. ಗಂಡನಿಗೆ ಹೇಳಿದರೆ, "ಅವ್ವನ ಎದಿ ಛಲೋ ಅದ, ನಿನ್ನ ಕಿವಿ ಕೆಟ್ಟಾವ" ಎಂದ. ಆದರೂ ಅತ್ತೆಯನ್ನು ಎಬ್ಬಿಸಿಕೊಂಡು ಕಲಬುರಗಿ ಬಸ್ಸು ಹತ್ತಿದೆ. ಬಸ್ಸಿನ ಗದ್ದಲದಲ್ಲಿ ಏನೂ ಕೇಳಿಸದು. ದಾರಿಯುದ್ದಕ್ಕೂ ಅವರ ಮುಖ ನೋಡುತ್ತ ಕುಳಿತೆ. "ನಾ ಸತ್ತಿಲ್ಲೇಳು" ಎಂದು ಅವರು ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದರು.

ಡಾಕ್ಟರು ಎದೆಗೆ ಸ್ಟೆತೊಸ್ಕೋಪು ಇಡುವ ಮೊದಲು ಅತ್ತೆ ಮೈಮೇಲಿನ ಉಣ್ಣೆ ಶಾಲು ತೆಗೆದರು. ತೆಗೆದದ್ದೇ ಟಿಕ್ ಟಿಕ್ ಎಂದು ಸ್ಪಷ್ಟವಾಗಿ ಕೇಳಿತು. ಚಳಿಗೆಂದು ಅವರು ಅದನ್ನು ಮಡಿಚಿ ಎದೆಗೆ ಸುತ್ತಿಕೊಂಡಿದ್ದರು. ನಾಚಿಕೆಯಿಂದ ನೆಲ ನೋಡಿದೆ. ಅತ್ತೆ ಡಾಕ್ಟರ ಮುಂದೆಯೇ, "ನಮ್ಮ ಸೊಸಿ ಶಾಲಿಗೆ ಬ್ಯಾನಿ ಹಿಡಿದದ ಅಂತ ಕರಕೊಂಡು ಬಂದಾಳ್ರಿ" ಎಂದರು.

ಡಾಕ್ಟರೂ ನಕ್ಕರು. ರಕ್ತದ ರಿಪೋರ್ಟ್ ಬಂದ ಮೇಲೆ ನಗಲಿಲ್ಲ. ನಂಬರು ಒಂದೂವರೆಯೂ ಇರಲಿಲ್ಲ.

ಕವಾಟ ನೋಡಲು ಎಕೋ ಸ್ಕ್ಯಾನ್ ಮಾಡಿದರು. ಹೆಪ್ಪು ಇನ್ನೂ ಕಟ್ಟಿರಲಿಲ್ಲ. ತಪ್ಪಲಲ್ಲಿರುವ ಒಂದು ವಿಟಮಿನ್ ಬಳಸಿ ಯಕೃತ್ತು ಹೆಪ್ಪುಗಟ್ಟಿಸುವ ಪದಾರ್ಥ ತಯಾರಿಸುತ್ತದೆ, ಗುಳಿಗೆ ಅದಕ್ಕೇ ಅಡ್ಡ ನಿಲ್ಲುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ತಪ್ಪಲೇ ಇಲ್ಲದ ಊಟಕ್ಕೆ ಹೊಂದಿಸಿದ ಗುಳಿಗೆ, ಆ ವಾರದ ಭಜ್ಜಿಯ ಮುಂದೆ ಸೋತಿತ್ತು. ಗುಳಿಗೆ ಹೆಚ್ಚಿಸಿದರೂ ಅದು ಹಿಡಿತಕ್ಕೆ ಬರಲು ಕೆಲವು ದಿನ ಬೇಕು. ಅಲ್ಲಿಯವರೆಗೆ ಬೇಗ ಕೆಲಸ ಮಾಡುವ ಹೆಪಾರಿನ್ ಇಂಜೆಕ್ಷನ್ನು ಹೊಟ್ಟೆಯ ಚರ್ಮದ ಕೆಳಗೆ ಕೊಟ್ಟರು.

"ಪಲ್ಯ ಬಿಡಬ್ಯಾಡ್ರಿ. ದಿನಾ ಒಂದ ಅಳತಿ ತಿನ್ರಿ. ಅದಕ್ಕ ಹೊಂದಿಸಿ ನಾವು ಗುಳಗಿ ಕೊಡ್ತೀವಿ."

ಅಂದಿನಿಂದ ಒಂದು ಸಣ್ಣ ಸ್ಟೀಲ್ ಬಟ್ಟಲು ಅಳತೆಯಾಯಿತು. ಅಂಚಿಗೆ ಸರಿಯಾಗಿ ತುಂಬುತ್ತಿದ್ದೆ. "ಬಂಗಾರ ತೂಗಾಕತ್ತೀಯೇನು?" ಎನ್ನುತ್ತಿದ್ದರು ಅತ್ತೆ.

ಅವರು ತೀರಿಕೊಂಡದ್ದು ಮುಂದಿನ ಮಳೆಗಾಲದಲ್ಲಿ. ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದವರು ತಲೆ ಹಿಡಿದುಕೊಂಡು ವಾಂತಿ ಮಾಡಿದರು, ಮಾತು ತೊದಲಿತು. ಕಲಬುರಗಿ ಮುಟ್ಟುವಷ್ಟರಲ್ಲಿ ಪ್ರಜ್ಞೆ ಇರಲಿಲ್ಲ. ಮೆದುಳಿನಲ್ಲಿ ರಕ್ತಸ್ರಾವ. ಗುಳಿಗೆಯ ಪರಿಣಾಮ ತಿರುಗಿಸುವ ಔಷಧಿ ಏರಿಸಿದರು.

"ನಂಬರ್ ಎಷ್ಟ್ರಿ?" ಎಂದು ಕೇಳಿದೆ.

"ನಂಬರ್ ಸರಿನೇ ಅದವ್ವ. ಸರಿ ಇದ್ರೂ ಒಮ್ಮೊಮ್ಮೆ ಹಿಂಗಾಗ್ತದ."

ಮತ್ತೆ ಅದನ್ನೇ ಕೇಳಿದೆ. ಬಟ್ಟಲಲ್ಲಿ ಎಂದಾದರೂ ಪಲ್ಯ ಕಡಿಮೆ ಹಾಕಿದ್ದೆನೇ ಎಂದು ನೆನೆಸಿಕೊಳ್ಳುತ್ತ ಮಂಚದ ಪಕ್ಕ ನಿಂತೆ. ಅವರ ಎದೆಯ ಮೇಲೆ ತೆಳು ಚಾದರ ಮಾತ್ರ ಇತ್ತು. ಟಿಕ್ ಟಿಕ್. ಸ್ವಲ್ಪವೂ ಮಂಕಿಲ್ಲದ ಸದ್ದು. ನಾನು ಇಷ್ಟು ವರ್ಷ ಕಿವಿಗೊಟ್ಟದ್ದು ಅದೊಂದಕ್ಕೇ.

ಈ ಸಲದ ಅಮಾವಾಸ್ಯೆಗೆ ನಮ್ಮಲ್ಲಿ ಒಲೆಯ ಮೇಲೆ ಭಜ್ಜಿ ಇಡಲಿಲ್ಲ. ಪಕ್ಕದ ಮನೆಯಾಕೆ ತಂದುಕೊಟ್ಟಳು. ಎಲ್ಲರಿಗೂ ಬಡಿಸಿದ ಮೇಲೆ ನೋಡಿದರೆ ನಾನೇ ತುಂಬಿದ್ದ ಅತ್ತೆಯ ಸ್ಟೀಲ್ ಬಟ್ಟಲು ಹಾಗೇ ಉಳಿದಿತ್ತು, ಅಂಚಿಗೆ ಸರಿಯಾಗಿ. ಗಂಡ ಅದನ್ನು ತನ್ನ ತಾಟಿಗೆ ಸುರಿದುಕೊಂಡ.